ಸ್ಕಿಜೋಫ್ರೇನಿಯಾ: ಮನೆಯವರು ಎಲ್ಲಿಂದ ಶುರು ಮಾಡಬೇಕು?

“ನಿನ್ನ ಬಗ್ಗೆ ಯಾರೂ ಮಾತಾಡ್ತಿಲ್ಲ” ಎಂದು ಮನೆಯವರು, “ನಿಮಗೇನು ಗೊತ್ತು, ಸುಮ್ಮನಿರಿ” ಎಂದು ಅವರು. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಕಾಯಿಲೆ ಸ್ಕಿಜೋಫ್ರೇನಿಯಾ. ಅದು ಇರುವವರ ಮನೆಯಲ್ಲಿ ಎಲ್ಲರ ಶಕ್ತಿ ಸೋರಿಹೋಗುವುದು ಈ ವಾದದಲ್ಲೇ. ವಾದ ಮಾಡಿ ಯಾರ ಭ್ರಮೆಯನ್ನೂ ಬಿಡಿಸಲಾಗದು. ತನಗೆ ಕಾಯಿಲೆ ಇದೆ ಎಂಬ ಅರಿವೇ ಮೂಡದಿರುವುದು ಅನೇಕರಲ್ಲಿ ಈ ಕಾಯಿಲೆಯದೇ ಲಕ್ಷಣ, ಅದನ್ನು ಹಟ ಎಂದುಕೊಳ್ಳಬೇಡಿ. ಒಪ್ಪಿಸುವ ಹಂಬಲ ಕೈಬಿಟ್ಟರೆ, ನಿಜಕ್ಕೂ ಫಲ ಕೊಡುವ ಕೆಲಸಗಳಿಗೆ ಬಿಡುವು ಸಿಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಬೆಳೆಸಿದ ರೀತಿಯಿಂದ ಈ ಕಾಯಿಲೆ ಬರುವುದಿಲ್ಲ. ಪ್ರಪಂಚದಲ್ಲಿ ಸುಮಾರು 345 ಜನರಲ್ಲಿ ಒಬ್ಬರಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಪ್ಪು ಯಾರದು ಎಂದು ಹುಡುಕುತ್ತಾ ಕೂರಬೇಡಿ.

ಸೋಮಾರಿತನ ಎಂದು ಕಾಣುವುದು

ಇಲ್ಲದ ದನಿ ಕೇಳಿಸುವುದು, ವಿನಾಕಾರಣ ಸಂಶಯ, ಒಂದಕ್ಕೊಂದು ಕೂಡದ ಮಾತು: ಇವು ಕಾಯಿಲೆ ಎಂದು ಬೇಗ ಗೊತ್ತಾಗುತ್ತದೆ. ಸ್ನಾನ ಮಾಡದಿರುವುದು, ಮಧ್ಯಾಹ್ನದವರೆಗೆ ಮಲಗಿರುವುದು, ಮುಖದಲ್ಲಿ ಭಾವನೆಯೇ ಇಲ್ಲದಿರುವುದು, ಯಾರೊಂದಿಗೂ ಬೆರೆಯದಿರುವುದು ಕೂಡ ಇದೇ ಕಾಯಿಲೆಯ ಲಕ್ಷಣಗಳೇ. ದನಿಗಳು ಅಡಗಿದ ಮೇಲೂ ಇವು ತಿಂಗಳುಗಟ್ಟಲೆ ಉಳಿಯಬಹುದು. ಇವಕ್ಕೆ ಮಾತ್ರೆಗಳು ಅಷ್ಟಾಗಿ ನಾಟುವುದೂ ಇಲ್ಲ.

ಬೈದರೆ ಇದು ಹೆಚ್ಚುತ್ತದೆ. ಕೆಲಸವನ್ನು ಒಡೆದು ಚಿಕ್ಕದು ಮಾಡಿ. “ರೂಮು ಕ್ಲೀನ್ ಮಾಡು” ಎನ್ನುವ ಬದಲು “ಈ ಎರಡು ಲೋಟ ಒಳಗಿಡ್ತೀಯಾ?” ಅನ್ನಿ. ಒಂದು ಸಲಕ್ಕೆ ಒಂದೇ ಮಾತು. ಉತ್ತರ ಬರಲು ತಡವಾಗುತ್ತದೆ, ಕಾಯಿರಿ. ಮಾಡಿದ ಕೂಡಲೇ “ಒಳ್ಳೇದಾಯ್ತು” ಅನ್ನಿ, ಹಿಂದಿನ ವಾರ ಮಾಡದ್ದನ್ನು ಎತ್ತಬೇಡಿ.

ದನಿ, ಸಂಶಯಗಳಿಗೆ ಉತ್ತರಿಸುವ ಬಗೆ

ಅಲ್ಲಗಳೆಯಬೇಡಿ, ಹೌದೆಂದೂ ತಲೆಯಾಡಿಸಬೇಡಿ. ಹೂಂಗುಟ್ಟಿದರೆ ಭ್ರಮೆಗೆ ಸಾಕ್ಷಿ ಸಿಕ್ಕಂತಾಗುತ್ತದೆ, ಅಲ್ಲಗಳೆದರೆ ನೀವೂ ಎದುರುಪಕ್ಷದವರಾಗುತ್ತೀರಿ. ಟಿವಿ ಆರಿಸಿ, ಪಕ್ಕಕ್ಕೆ ಕೂತು, ಅವರ ಅನುಭವವನ್ನು ಅವರದೆಂದು ಒಪ್ಪಿಕೊಂಡು ಭಾವನೆಗೆ ಉತ್ತರ ಕೊಡಿ: “ನನಗೇನೂ ಕೇಳಿಸ್ತಿಲ್ಲ. ಆದ್ರೆ ನಿನಗೆ ಕೇಳಿಸ್ತಿದೆ ಅಂತ ಗೊತ್ತಾಗ್ತಿದೆ. ಹೆದರಿಕೆ ಆಗ್ತಿದ್ಯಾ? ಇಲ್ಲೇ ಕೂತಿರ್ಲಾ?” ಕೆಲವರಿಗೆ ಇಯರ್‌ಫೋನಿನಲ್ಲಿ ಸಂಗೀತ ಹಾಕಿಕೊಂಡಾಗ, ಗಟ್ಟಿಯಾಗಿ ಓದಿದಾಗ, ನಡೆದಾಡಿದಾಗ ದನಿಗಳ ಕಾಟ ಕಡಿಮೆಯಾಗುತ್ತದೆ. ಯಾವುದು ಒಗ್ಗುತ್ತದೆ ಎಂದು ನೆಮ್ಮದಿಯಿರುವ ದಿನ ಅವರನ್ನೇ ಕೇಳಿಟ್ಟುಕೊಳ್ಳಿ.

ಮಾತ್ರೆ: ಎಲ್ಲಿ ಎಡವುತ್ತೇವೆ

ಔಷಧ ಶುರುವಾದ ಕೆಲವೇ ದಿನಗಳಲ್ಲಿ ನಿದ್ದೆ ಬರುತ್ತದೆ, ಚಡಪಡಿಕೆ ಇಳಿಯುತ್ತದೆ. ದನಿ, ಸಂಶಯಗಳು ತಗ್ಗಲು ವಾರಗಳು ಬೇಕು. ಒಂದು ಔಷಧ ಫಲಿಸಿತೇ ಇಲ್ಲವೇ ಎಂದು ಹೇಳಲು ಸರಿಯಾದ ಪ್ರಮಾಣದಲ್ಲಿ ಸಾಮಾನ್ಯವಾಗಿ 4ರಿಂದ 6 ವಾರ ಕೊಡಬೇಕು.

ದೊಡ್ಡ ಎಡವಟ್ಟು ಆಗುವುದು ಗುಣ ಕಂಡ ಮೇಲೆ. ಮಾತ್ರೆ ನಿಲ್ಲಿಸಿದ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಒಂದು ತಿಂಗಳೂ ಚೆನ್ನಾಗಿಯೇ ಕಳೆಯಬಹುದು. “ನೋಡಿ, ಬೇಕಾಗೇ ಇರಲಿಲ್ಲ” ಎಂದು ಎಲ್ಲರೂ ನಂಬುವ ಹೊತ್ತಿಗೆ ಕಾಯಿಲೆ ಮರುಕಳಿಸುತ್ತದೆ. ನಡುವೆ ದಿನಗಳ ಅಂತರ ಇರುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಮೊದಲ ಸಲ ಕಾಯಿಲೆ ಬಂದು ವಾಸಿಯಾದವರಿಗೂ ಕನಿಷ್ಠ ಒಂದೆರಡು ವರ್ಷ ಔಷಧ ಮುಂದುವರಿಸಲು ವೈದ್ಯರು ಹೇಳುವುದು ಇದಕ್ಕೇ.

ಇನ್ನೊಂದು ಗೊಂದಲವನ್ನು ಬಿಡಿಸಿ ಹೇಳಲೇಬೇಕು. ಔಷಧ ಶುರುವಾದ ಅಥವಾ ಹೆಚ್ಚಿಸಿದ ಕೆಲವು ದಿನಗಳಲ್ಲಿ ಕೆಲವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಲು ಕುಣಿಸುತ್ತಾರೆ, ಶತಪಥ ಹಾಕುತ್ತಾರೆ, ಸಿಡುಕುತ್ತಾರೆ. ಕಾಯಿಲೆ ಕೆರಳಿತು ಎಂದುಕೊಂಡ ಮನೆಯವರು ಡೋಸ್ ಏರಿಸಲು ಕೇಳುತ್ತಾರೆ, ಏರಿಸಿದಷ್ಟೂ ಸಂಕಟ ಹೆಚ್ಚುತ್ತದೆ. ಇದು ಅಕಥೀಸಿಯಾ ಎಂಬ ಅಡ್ಡಪರಿಣಾಮ ಇರಬಹುದು. “ಮನಸ್ಸಿನ ಕಳವಳವಾ, ಕಾಲು ಸುಮ್ಮನಿರಲು ಬಿಡ್ತಿಲ್ವಾ?” ಎಂದು ಕೇಳಿ, ಉತ್ತರವನ್ನು ವೈದ್ಯರಿಗೆ ಅದೇ ಮಾತುಗಳಲ್ಲಿ ತಿಳಿಸಿ. ಕತ್ತು ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅಂದೇ ತೋರಿಸಿ. ತೀವ್ರ ಜ್ವರ, ಸೆಟೆದು ಬಿಗಿಯಾದ ಮೈ, ಬೆವರು, ಗೊಂದಲ ಒಟ್ಟಿಗೆ ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ವಾರದ ಏಳು ದಿನಕ್ಕೆ ಏಳು ಗೂಡಿರುವ ಮಾತ್ರೆ ಡಬ್ಬಿ ಇಡಿ, ಅವರೇ ತುಂಬಲಿ, ನೀವು ಪಕ್ಕದಲ್ಲಿರಿ. ಗೊತ್ತಾಗದಂತೆ ಊಟದಲ್ಲಿ ಬೆರೆಸಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಮಾತ್ರೆಯ ಜೊತೆ ಊಟದ ಮೇಲೂ ಸಂಶಯ ಹುಟ್ಟುತ್ತದೆ. ಮತ್ತೆ ಮತ್ತೆ ತಪ್ಪುತ್ತಿದ್ದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ವಿಚಾರಿಸಿ. ಅದು ಒಪ್ಪಿಗೆಯಾದರೆ ದಿನವೂ “ನುಂಗಿದೆಯಾ?” ಎಂದು ಕೇಳುವ ಜಗಳ ತಪ್ಪುತ್ತದೆ.

ಬೇರೆ ಔಷಧಗಳು ಫಲಿಸದಾಗ ಕೊಡುವ ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುವವರ ಮನೆಯವರಿಗೆ ಬೇರೆ ಎಚ್ಚರ ಬೇಕು. ನಿಗದಿತ ರಕ್ತಪರೀಕ್ಷೆ ತಪ್ಪಿಸಬಾರದು. ಜ್ವರ, ಗಂಟಲುನೋವು ಬಂದರೆ ಅಂದೇ ವೈದ್ಯರಿಗೆ ಹೇಳಬೇಕು, ಬಿಳಿ ರಕ್ತಕಣ ಕುಸಿದಿರಬಹುದು. ಮಲಬದ್ಧತೆಯನ್ನು ಸಣ್ಣದೆಂದು ಬಿಡಬಾರದು, ಪ್ರಾಣಕ್ಕೆ ಕುತ್ತಾದ ಉದಾಹರಣೆಗಳಿವೆ. 48 ಗಂಟೆಗಿಂತ ಹೆಚ್ಚು ಕಾಲ ಮಾತ್ರೆ ತಪ್ಪಿದ್ದರೆ ಹಳೆಯ ಡೋಸನ್ನು ನೇರ ಶುರು ಮಾಡುವಂತಿಲ್ಲ, ವೈದ್ಯರನ್ನು ಕೇಳಿ ಕಡಿಮೆ ಪ್ರಮಾಣದಿಂದ ಏರಿಸಬೇಕು. ಸಿಗರೇಟು ಒಮ್ಮೆಲೇ ಬಿಟ್ಟರೂ ರಕ್ತದಲ್ಲಿ ಈ ಔಷಧದ ಮಟ್ಟ ಏರುತ್ತದೆ. ಬಿಡುವುದು ಒಳ್ಳೆಯದೇ, ಮುಂಚೆ ವೈದ್ಯರಿಗೆ ತಿಳಿಸಿ ಬಿಡಲಿ.

ಮನೆಯ ಕಾವು

ಲಂಡನ್‌ನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1958ರಲ್ಲಿ ಒಂದು ವಿಷಯ ಗಮನಕ್ಕೆ ತಂದರು: ಆಸ್ಪತ್ರೆಯಿಂದ ಹೊರಬಂದವರು ಮತ್ತೆ ಕಾಯಿಲೆ ಬೀಳುತ್ತಾರೋ ಇಲ್ಲವೋ ಎಂಬುದಕ್ಕೂ ಅವರು ಯಾರ ಜೊತೆ ಇರಲು ಹೋದರು ಎಂಬುದಕ್ಕೂ ನಂಟಿದೆ. ಮುಂದಿನ ಸಂಶೋಧನೆಗಳು ಎಣಿಸಿದ್ದು ಮನೆಯವರ ಟೀಕೆ, ದ್ವೇಷ ಮತ್ತು ಅತಿಯಾದ ಕಾಳಜಿಯನ್ನು. ಟೀಕೆಯಷ್ಟೇ ಅತಿಕಾಳಜಿಯೂ ಭಾರವಾಗುತ್ತದೆ ಎಂಬುದನ್ನು ಅಮ್ಮಂದಿರಿಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. ಇಂಥ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಎದುರುಬದುರಾಗಿ ಇದ್ದವರಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು 1976ರ ಅಧ್ಯಯನವೊಂದು ಕಂಡುಕೊಂಡಿತು. ಹಾಗಾಗಿ ಇಬ್ಬರೂ ದಿನದ ಕೆಲವು ಗಂಟೆ ಬೇರೆ ಬೇರೆ ಕಡೆ ಇರುವಂತೆ ಏರ್ಪಾಡು ಮಾಡಿಕೊಳ್ಳಿ. ಅವರು ಡೇ ಕೇರ್‌ಗೋ (ಮಾನಸಿಕ ಕಾಯಿಲೆ ಇರುವವರು ಹಗಲು ಹೊತ್ತು ಕಳೆಯುವ ಆರೈಕೆ ಕೇಂದ್ರ) ಕೆಲಸಕ್ಕೋ ಹೋಗಲಿ, ಆಗದಿದ್ದರೆ ನೀವು ಹೊರಗೆ ಹೋಗಿಬನ್ನಿ. ದೂರು ಇದ್ದರೆ “ನೀನು ಯಾವಾಗಲೂ ಹೀಗೇ” ಎನ್ನದೆ, “ರಾತ್ರಿ ಜೋರಾಗಿ ರೇಡಿಯೊ ಹಾಕಿದ್ರೆ ನನಗೆ ನಿದ್ದೆ ಬರಲ್ಲ, ಹತ್ತರ ಮೇಲೆ ಸಣ್ಣಗೆ ಹಾಕ್ತೀಯಾ?” ಎಂದು ಕೇಳಿ.

ಒಂದು ನೋಟ್‌ಬುಕ್

ಮರುಕಳಿಸುವ ಮುನ್ನ ಹಲವರಲ್ಲಿ ಕೆಲವು ವಾರ ಮೊದಲೇ ಸೂಚನೆ ಇರುತ್ತದೆ, ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಿಂದಿನ ಸಲ ಮೊದಲು ಕೆಟ್ಟದ್ದು ಏನು ಎಂದು ಅವರೊಂದಿಗೇ ಕೂತು ನೆನಪಿಸಿಕೊಂಡು ನಾಲ್ಕೈದು ಸೂಚನೆ ಬರೆಯಿರಿ: ನಿದ್ದೆ ಕಡಿಮೆಯಾಗುವುದು, ಕಿಟಕಿ ಮುಚ್ಚುವುದು, ಫೋನ್ ಆಫ್ ಮಾಡಿಡುವುದು, ಒಬ್ಬರೇ ನಗುವುದು. ದಿನವೂ ಮಲಗಿದ ಹೊತ್ತು, ಎದ್ದ ಹೊತ್ತು, ಮಾತ್ರೆ, ಈ ಸೂಚನೆಗಳನ್ನು ಒಂದೇ ಸಾಲಿನಲ್ಲಿ ಗುರುತು ಹಾಕಿ. ಎರಡು ಸೂಚನೆ ಎರಡು ಮೂರು ದಿನ ಒಟ್ಟಿಗೆ ಕಂಡರೆ, ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ.

ಕೊನೆಯ ಪುಟದಲ್ಲಿ ಕಾಯಿಲೆಯ ಹೆಸರು, ಔಷಧ ಮತ್ತು ಡೋಸ್, ಒಗ್ಗದ ಔಷಧ, ವೈದ್ಯರ ನಂಬರ್, ಅವರಿಗೆ ಸಮಾಧಾನ ತರುವುದು ಏನು ಎಂದು ಬರೆದಿಡಿ. ಕೆಟ್ಟ ದಿನ ಬಂದಾಗ ಆ ಪುಟವನ್ನು ಆಸ್ಪತ್ರೆಯವರ ಕೈಗೆ ಕೊಡಬಹುದು.

ಆ ದಿನ ಒಬ್ಬರೇ ಮಾತಾಡಿ, ಮೆಲ್ಲಗೆ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಹಿಂದಿನಿಂದ ಮುಟ್ಟಬೇಡಿ. ಸಾಯುವ ಯೋಚನೆ ಬರುತ್ತಿದೆಯಾ, ದನಿಗಳು ಏನಾದರೂ ಮಾಡೆಂದು ಹೇಳುತ್ತಿವೆಯಾ ಎಂದು ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಮಾತ್ರೆಗಳ ದಾಸ್ತಾನು, ಚೂಪಾದ ವಸ್ತುಗಳನ್ನು ಬೀಗದೊಳಗಿಟ್ಟು, ತುರ್ತು ಸೇವೆಗೆ ಕರೆ ಮಾಡಿ.

ನಿಮ್ಮ ಸರದಿ

ಆರೈಕೆಗೆ ಕನಿಷ್ಠ ಇಬ್ಬರಿರಲಿ, ರಾತ್ರಿ ಪಾಳಿ ಹಂಚಿಕೊಳ್ಳಿ. ಕುಟುಂಬಕ್ಕೆಂದೇ ನಡೆಸುವ ಆಪ್ತಸಮಾಲೋಚನೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಬ್ರಿಟನ್ನಿನ ಮಾರ್ಗಸೂಚಿ ಇದಕ್ಕೆ 3 ತಿಂಗಳಿಂದ 1 ವರ್ಷದೊಳಗೆ ಕನಿಷ್ಠ 10 ಭೇಟಿ ಇರಬೇಕು ಎನ್ನುತ್ತದೆ, ಒಂದೆರಡು ಸಲ ಹೋಗಿ ಬಿಟ್ಟರೆ ಸಾಲದು. ನಿಮಗೇ ಎರಡು ವಾರ ಬಿಡದೆ ಬೇಸರ, ನಿದ್ರಾಹೀನತೆ ಕಾಡಿದರೆ ನಿಮ್ಮ ಹೆಸರಲ್ಲೇ ವೈದ್ಯರ ಭೇಟಿ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಂದ ಮುಚ್ಚಿಡಬೇಡಿ: “ಅಣ್ಣನಿಗೆ ಕಾಯಿಲೆ ಇದೆ, ನಿನ್ನಿಂದ ಬಂದಿದ್ದಲ್ಲ, ಹೆದರಿಕೆ ಆದ್ರೆ ತಕ್ಷಣ ನಮ್ಮ ಹತ್ರ ಬಾ” ಎಂದು ಹೇಳಿ. ಓಡಿಬರಲು ನೀವಿಲ್ಲದಾಗ ಯಾರ ಬಳಿ ಹೋಗಬೇಕು ಎಂಬುದನ್ನೂ ಹೆಸರು ಹಿಡಿದು ತಿಳಿಸಿ.