ಮುಂಗಾರಿನ ಈರುಳ್ಳಿ: ಎರಡು ಎಕರೆಯಲ್ಲಿ ನಾನು ಅನುಸರಿಸುವ ಕ್ರಮ

ಚಳ್ಳಕೆರೆ ತಾಲ್ಲೂಕಿನ ನಮ್ಮ ಎರಡು ಎಕರೆ ಕೆಂಪು ಭೂಮಿಯಲ್ಲಿ ಮುಂಗಾರಿನ ಈರುಳ್ಳಿಯೇ ಮುಖ್ಯ ಬೆಳೆ. ಇದರ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಒಂದು ಗೇಣಿನೊಳಗೇ ಹರಡಿಕೊಳ್ಳುತ್ತವೆ. ನೀರು, ಗೊಬ್ಬರ, ಕಳೆ ಎಲ್ಲವನ್ನೂ ನಾನು ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡೇ ನಿರ್ಧರಿಸುತ್ತೇನೆ.

ನಮ್ಮ ಕಡೆ ಬೀಜವನ್ನು ನೇರವಾಗಿ ಹೊಲಕ್ಕೆ ಬಿತ್ತುವ ರೂಢಿ ಹೆಚ್ಚು. ಅದರಿಂದ ಕೂಲಿ ಉಳಿಯುತ್ತದೆಯಾದರೂ ದಟ್ಟವಾಗಿ ಹುಟ್ಟಿದಲ್ಲಿ ಗಡ್ಡೆ ಸಣ್ಣದಾಗಿ, ವಿರಳವಾದಲ್ಲಿ ಕಳೆ ತುಂಬಿಕೊಳ್ಳುವುದರಿಂದ ನಾನು ಸಸಿಮಡಿ ಮಾಡಿ ನಾಟಿ ಮಾಡುತ್ತೇನೆ. ಎಕರೆಗೆ 3ರಿಂದ 4 ಕಿಲೋ ಬೀಜ ಸಾಕು. ವರ್ಷ ಕಳೆದರೆ ಮೊಳೆಯುವ ಶಕ್ತಿ ಬೇಗ ಕುಗ್ಗುವುದರಿಂದ ಹಳೆಯ ಬೀಜವನ್ನು ಬಳಸುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ತಳಿ ಮುಂಗಾರಿಗೆ ಹೊಂದಿಕೊಳ್ಳುತ್ತದೆ ಮತ್ತು ನೇರಳೆ ಮಚ್ಚೆ ರೋಗವನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನಾಲ್ಕು ಅಡಿ ಅಗಲ, ಅರ್ಧ ಅಡಿ ಎತ್ತರದ ಏರುಮಡಿಗಳನ್ನು ಮಾಡಿ, ಸಾಲಿನಿಂದ ಸಾಲಿಗೆ 15 ಸೆಂ.ಮೀ., ಸಸಿಯಿಂದ ಸಸಿಗೆ 10 ಸೆಂ.ಮೀ. ಅಂತರದಲ್ಲಿ ನೆಡುತ್ತೇನೆ. ಸುರಿದ ಮಳೆ ಬುಡದಲ್ಲಿ ನಿಂತರೆ ಗಡ್ಡೆಯ ತಳ ಕೊಳೆಯುತ್ತದೆ. ಎಲೆಗಳು ಸುರುಳಿ ಸುತ್ತಿ, ಗಡ್ಡೆಗೂ ಎಲೆಗೂ ನಡುವಿನ ಕತ್ತು ಉದ್ದವಾಗುವ ತಿರುಚು ರೋಗವೂ ತೇವ ಹೆಚ್ಚಾದ ಕಡೆಯೇ ಬೇಗ ಹಬ್ಬುತ್ತದೆ. ಏರುಮಡಿಗೆ ತಗಲುವ ಖರ್ಚು ಎಂದಿಗೂ ವ್ಯರ್ಥವಲ್ಲ. ಮಳೆ ಕೈಕೊಟ್ಟಾಗ ಹನಿ ನೀರಾವರಿಯಿಂದ ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ನೀರು ಕೊಡುತ್ತೇನೆ.

ಈರುಳ್ಳಿಯ ಎಲೆ ನೆಲಕ್ಕೆ ನೆರಳು ಕೊಡದ ಕಾರಣ ಮೊದಲ 45 ದಿನ ಕಳೆಯದೇ ಮೇಲುಗೈ. ಬೇರಿಗೆ ಪೆಟ್ಟಾಗದಂತೆ ಮೇಲ್ಮೇಲೆ ಕೆದಕಿ ಕಳೆ ತೆಗೆಸುತ್ತೇನೆ. ಸಾರಜನಕದ ಕೊನೆಯ ಕಂತನ್ನೂ ಅಷ್ಟರೊಳಗೆ ಮುಗಿಸುತ್ತೇನೆ. ಎಲೆ ಹಸಿರಾಗಿ ಕಾಣಲಿ ಎಂದು ತಡವಾಗಿ ಯೂರಿಯಾ ಹಾಕಿದರೆ ಕತ್ತು ದಪ್ಪವಾಗಿ ಗಡ್ಡೆ ಸಂಗ್ರಹದಲ್ಲಿ ಕೊಳೆಯುತ್ತದೆ.

ರಸ ಹೀರುವ ಸಣ್ಣ ಕೀಟವಾದ ಥ್ರಿಪ್ಸ್ ನುಸಿ ಎಲೆಯ ಒಳಸುಳಿಯಲ್ಲಿ ಅಡಗಿರುವುದರಿಂದ ಸುಳಿ ಬಿಡಿಸಿಯೇ ನೋಡಬೇಕು. ಅದು ಕೆರೆದ ಗಾಯಗಳು ನೇರಳೆ ಮಚ್ಚೆ ರೋಗಕ್ಕೆ ದಾರಿಯಾಗುತ್ತವೆ. ನಾಟಿಗೆ ಮೊದಲೇ ಹೊಲದ ಸುತ್ತ ಎರಡು ಸಾಲು ಮೆಕ್ಕೆಜೋಳ ಬಿತ್ತಿದರೆ ನುಸಿಯ ಹಾವಳಿ ಕಡಿಮೆಯಾಗುತ್ತದೆ. ಎಲೆಯ ಮೇಲೆ ಮೇಣದ ಪದರವಿರುವುದರಿಂದ ಸಿಂಪರಣೆಯ ದ್ರಾವಣಕ್ಕೆ ಅಂಟು ಬೆರೆಸುವುದನ್ನು ನಾನು ತಪ್ಪಿಸುವುದಿಲ್ಲ.

ಬೇಸಿಗೆ ಬೆಳೆಯಲ್ಲಿ ಅರ್ಧದಷ್ಟು ಗಿಡಗಳ ಕತ್ತು ತಾನಾಗಿ ಬಾಗಿದಾಗ ಕೀಳಬಹುದು. ಮುಂಗಾರಿನಲ್ಲಿ ಹಾಗೆ ಬಾಗುವುದು ಕಡಿಮೆಯಾದ್ದರಿಂದ ಎಲೆ ಹಳದಿಯಾಗುವುದನ್ನೂ ಗಡ್ಡೆಯ ಬಣ್ಣವನ್ನೂ ನೋಡಿ ನಿರ್ಧರಿಸುತ್ತೇನೆ. ಕಿತ್ತ ಗಡ್ಡೆಯ ಮೇಲೆ ಪಕ್ಕದ ಸಾಲಿನ ಎಲೆ ಬರುವಂತೆ ಹರಡಿ ಮೂರ್ನಾಲ್ಕು ದಿನ ಒಣಗಿಸಿ, ಒಂದು ಅಂಗುಲ ಕತ್ತು ಉಳಿಸಿ ಕೊಯ್ದು, ಮತ್ತೆ ನೆರಳಿನಲ್ಲಿ ಹರಡುತ್ತೇನೆ. ಮಳೆ ಹದವಾಗಿ ಬಂದ ವರ್ಷ ಎಕರೆಗೆ ನೂರು ಕ್ವಿಂಟಲ್ ದಾಟುತ್ತದೆ. ಮುಂಗಾರಿನ ಗಡ್ಡೆ ಬೇಸಿಗೆಯದರಷ್ಟು ಕಾಲ ಬಾಳುವುದಿಲ್ಲವಾದ್ದರಿಂದ, ಬೆಲೆ ಏರಲಿ ಎಂದು ಕಾಯದೆ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದ ಕೂಡಲೇ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಕಳಿಸುತ್ತೇನೆ.