ಎಲ್ಲಿ ನಿಂತು ನೋಡಿದಿರಿ ಎಂಬುದಕ್ಕೇ ಅರ್ಧ ಅಂಕ

ಅಮೆರಿಕದ ಊರುಗಳ ಸ್ಕೈಲೈನ್‌ಗೆ, ಅಂದರೆ ಆಕಾಶದೆದುರು ಕಟ್ಟಡಗಳು ಮೂಡಿಸುವ ಗೆರೆಗೆ, ಅಂಕ ಕೊಟ್ಟು ನಾನು ಮಾಡಿದ ಪಟ್ಟಿಯಲ್ಲಿ ನ್ಯೂಯಾರ್ಕ್ ಎರಡನೇ ಸ್ಥಾನದಲ್ಲಿದೆ. ಅದನ್ನು ತೋರಿಸಿದರೆ ನ್ಯೂಜೆರ್ಸಿಯ ನಮ್ಮ ಕನ್ನಡದವರು ಬಿಸಿಬೇಳೆಬಾತಿನ ತಟ್ಟೆ ಬದಿಗಿಟ್ಟು ವಾದಕ್ಕೆ ನಿಲ್ಲುತ್ತಾರೆ. ನಾನಿರುವುದೂ ಇದೇ ರಾಜ್ಯದಲ್ಲಿ, ಹಡ್ಸನ್ ನದಿಯಿಂದ ಅರ್ಧ ಗಂಟೆ ದೂರದಲ್ಲಿ. ಸಿವಿಲ್ ಓದಿ, ಎಲ್ಲರಂತೆ ಸಾಫ್ಟ್‌ವೇರಿಗೆ ಬಿದ್ದವನು. ಓದಿದ್ದು ಪೂರ್ತಿ ಮರೆಯದಿರಲಿ ಎಂದು ಕ್ಯಾಮೆರಾ ಹಿಡಿದು ಅಮೆರಿಕದ ಊರುಗಳ ಸ್ಕೈಲೈನ್ ನೋಡುತ್ತಾ, ಒಂದಕ್ಕೊಂದು ಹೋಲಿಸುತ್ತಾ, ಅಂಕ ಕೊಡುತ್ತಾ ಬಂದಿದ್ದೇನೆ. ಕಂಪನಿ ಕೆಲಸದ ಮೇಲೆ ಯಾವ ಊರಿಗೆ ಕಳಿಸಿದರೂ ಅಲ್ಲಿನ ಸಂಜೆ ನನ್ನದೇ.

"150 ಮೀಟರ್ ದಾಟಿದ ಕಟ್ಟಡಗಳೇ 300ಕ್ಕಿಂತ ಹೆಚ್ಚಿವೆ ಮಾರಾಯ, ಇನ್ನೇನು ಬೇಕು ನಿನಗೆ?" ಎಂಬುದು ಅವರ ತಕರಾರು. ಎಣಿಕೆಯೇ ಸಾಕಾಗಿದ್ದರೆ ಪಟ್ಟಿ ಎರಡು ನಿಮಿಷದ ಕೆಲಸ: ನ್ಯೂಯಾರ್ಕ್, ಷಿಕಾಗೊ, ಮಯಾಮಿ. ಆದರೆ ಮಯಾಮಿಯನ್ನು ಕೊಲ್ಲಿಯ ಆಚೆಯಿಂದ ಒಮ್ಮೆ ನೋಡಿ. ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡಂತೆ ಇರುವುದರಿಂದ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ಹಾಗಾಗಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಕತ್ತರಿ ಹಾಕಿದ ಬೇಲಿಯ ಹಾಗೆ ಕಾಣುತ್ತದೆ. ಎಣಿಸಲು ಬೇಕಾದಷ್ಟಿದೆ, ಕಣ್ಣು ನಿಲ್ಲುವ ಜಾಗವಿಲ್ಲ.

ಎತ್ತರದ ಲೆಕ್ಕವನ್ನಾದರೂ ನಂಬೋಣವೆಂದರೆ ಅದರಲ್ಲೂ ರಾಜಕೀಯ. ಗೋಪುರದ ತುದಿಯ ಕಂಬ ವಿನ್ಯಾಸದ ಭಾಗವಾಗಿದ್ದರೆ ಅದು ಶಿಖರ, ಎತ್ತರಕ್ಕೆ ಸೇರುತ್ತದೆ. ಬರೀ ಆಂಟೆನಾ ಆಗಿದ್ದರೆ ಸೇರುವುದಿಲ್ಲ. 2013ರಲ್ಲಿ ಎತ್ತರದ ಕಟ್ಟಡಗಳ ಅಂತರರಾಷ್ಟ್ರೀಯ ಮಂಡಳಿಯು ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರ್ ಮೇಲಿನ ಕಂಬ ಶಿಖರವೇ ಹೌದು ಎಂದು ತೀರ್ಪು ಕೊಟ್ಟಿತು. 541 ಮೀಟರ್ ಅಧಿಕೃತವಾಯಿತು. ಷಿಕಾಗೊದ 442 ಮೀಟರಿನ ವಿಲ್ಲಿಸ್ ಟವರ್ ದೇಶದ ಅತಿ ಎತ್ತರದ ಕಟ್ಟಡವೆಂಬ ಪಟ್ಟ ಕಳೆದುಕೊಂಡಿತು. ವಿಲ್ಲಿಸ್ ತಲೆಯ ಮೇಲಿನ ಎರಡು ಆಂಟೆನಾಗಳಿಗೆ ಸೊನ್ನೆ. ತೀರ್ಪು ಕೊಟ್ಟ ಮಂಡಳಿಯ ಕಚೇರಿ ಇರುವುದು ಷಿಕಾಗೊದಲ್ಲೇ ಎನ್ನುವುದು ಇದರ ತಮಾಷೆ. ನನ್ನ ಲೆಕ್ಕದಲ್ಲಿ ಆಂಟೆನಾಗೂ ಅಂಕವಿದೆ. ಕಣ್ಣಿಗೆ ಕಂಡಮೇಲೆ ಕಂಡಿತು, ಅಷ್ಟೇ.

ನಾನು ಮಾಡಿಕೊಂಡ ಕಟ್ಟಳೆಗಳು ಕಡಿಮೆ, ಆದರೆ ಗಟ್ಟಿ. ನೋಡುವ ಜಾಗ ಯಾರು ಬೇಕಾದರೂ ಹೋಗಿ ನಿಲ್ಲಬಹುದಾದ ನೆಲವಾಗಿರಬೇಕು. ಹೋಟೆಲಿನ ಟೆರೇಸು, ಹೆಲಿಕಾಪ್ಟರು, ಡ್ರೋನು ನಡೆಯುವುದಿಲ್ಲ. ಲೆನ್ಸ್ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 50 ಎಂಎಂ, ಎಲ್ಲ ಊರಿಗೂ ಅದೇ. ಜೂಮ್ ಹಾಕಿದರೆ ಹಿಂದಿನ ಬೆಟ್ಟ ಕಟ್ಟಡದ ಬೆನ್ನಿಗೆ ಬಂದು ಕೂರುತ್ತದೆ. ಅಗಲದ ಲೆನ್ಸ್ ಹಾಕಿದರೆ ಷಿಕಾಗೊ ಕೂಡ ಪುಟ್ಟ ಪಟ್ಟಣ. ಫೋನಿನಲ್ಲಿ ತೆಗೆಯುವವರಿಗೆ 2ಎಕ್ಸ್ ಗುಂಡಿ ಹೆಚ್ಚುಕಡಿಮೆ ಅದೇ ನೋಟ ಕೊಡುತ್ತದೆ. ಮಾಮೂಲಿ 1ಎಕ್ಸ್ ಬಹಳ ಅಗಲ, ಮನೆಗೆ ಬಂದು ನೋಡಿದಾಗ ಊರು ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಹೊತ್ತು ಎಂದರೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು–ಮೂವತ್ತು ನಿಮಿಷ. ಆಕಾಶದ ಬೆಳಕೂ ಕಿಟಕಿಗಳ ಬೆಳಕೂ ಆಗ ಸಮಸಮ. ತಿಂಗಳು ಡಿಸೆಂಬರ್ ಅಥವಾ ಜನವರಿ. ಚಳಿಯ ಹುಚ್ಚಲ್ಲ ಇದು. ಜೂನ್‌ನಲ್ಲಿ ಷಿಕಾಗೊದಲ್ಲಿ ಸೂರ್ಯ ಮುಳುಗುವುದು ಎಂಟೂವರೆಗೆ, ಅಷ್ಟೊತ್ತಿಗೆ ಆಫೀಸುಗಳು ಖಾಲಿ, ದೀಪ ಆರಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಮೊದಲೇ ಕತ್ತಲಾಗಲು ಶುರು. ಜನ ಇನ್ನೂ ಮೀಟಿಂಗಿನಲ್ಲಿರುತ್ತಾರೆ, ಅವರ ದೀಪ ನಮ್ಮ ಫೋಟೊಗೆ. ಶುಕ್ರವಾರ ಬೇಡ, ಬೇಗ ಮನೆಗೆ ಹೋಗಿಬಿಡುತ್ತಾರೆ.

ಫೋಟೊ ತೆಗೆದ ಮೇಲಿನ ಕೆಲಸವೇ ನನಗೆ ಹೆಚ್ಚು ಇಷ್ಟ. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಆಕಾಶ ಕಟ್ಟಡವನ್ನು ಮುಟ್ಟುವ ಗೆರೆಯೊಂದನ್ನೇ 0.5ರ ಪೆನ್ಸಿಲ್ಲಿನಲ್ಲಿ ಎಳೆಯುತ್ತೇನೆ. ಕಿಟಕಿ, ಬಣ್ಣ, ದೀಪ ಯಾವುದೂ ಇಲ್ಲ. ಗೆರೆಯ ಕೆಳಗೆಲ್ಲ ಕಪ್ಪು ಮಾರ್ಕರ್. ಹೆಸರಿಲ್ಲದ ಆ ಕಪ್ಪು ಹಾಳೆಗಳನ್ನು ಕನ್ನಡ ಕೂಟದ ಪಾಟ್‌ಲಕ್ಕಿನಲ್ಲಿ, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಕೂಟದೂಟದಲ್ಲಿ, ಊಟ ಮುಗಿದ ಮೇಲೆ ಹಂಚುತ್ತೇನೆ. ಯಾವ ಊರೆಂದು ಹೇಳಿದರೆ ಆ ಊರಿಗೆ ಅಂಕ. ಮಕ್ಕಳು ದೊಡ್ಡವರಿಗಿಂತ ಚುರುಕು, ಅವರು ಗೆರೆಯನ್ನೇ ನೋಡುತ್ತಾರೆ. ದೊಡ್ಡವರು ಅಲ್ಲಿಗೆ ಯಾವ ಏರ್‌ಲೈನಿನಲ್ಲಿ ಹೋಗಿದ್ದೆವು ಎಂಬ ಕತೆ ತೆಗೆಯುತ್ತಾರೆ.

ಈ ಪರೀಕ್ಷೆಯಲ್ಲಿ ಸೇಂಟ್ ಲೂಯಿಸ್ ಕ್ಷಣದಲ್ಲಿ ಪಾಸು. 192 ಮೀಟರಿನ ಕಮಾನು ಬೇರೆ ಯಾವ ಊರಲ್ಲಿದೆ? ಆದರೆ ಕಮಾನನ್ನು ಬೆರಳಲ್ಲಿ ಮುಚ್ಚಿದರೆ ಅಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಬೆರಳಿನ ಪರೀಕ್ಷೆಯನ್ನೂ ಸೇರಿಸಿಕೊಂಡೆ: ಅತಿ ಪ್ರಸಿದ್ಧ ಕಟ್ಟಡವನ್ನು ಮುಚ್ಚಿದ ಮೇಲೂ ಊರು ಗುರುತಾಗಬೇಕು. ಡಲ್ಲಾಸ್ ಇಲ್ಲಿ ಬಿತ್ತು. ರಿಯೂನಿಯನ್ ಟವರಿನ ಗೋಳ ಹೋದರೆ ಅದು ಎಲ್ಲಿಯದೋ ಆಫೀಸು ಬೀದಿ. ಹ್ಯೂಸ್ಟನ್ ಬೆರಳಿಡುವ ಮೊದಲೇ ಫೇಲು. 305 ಮೀಟರಿನ ಜೆಪಿ ಮಾರ್ಗನ್ ಚೇಸ್ ಟವರ್ ಇದ್ದೂ ಯಾರೂ ಗುರುತಿಸಲಿಲ್ಲ. ಎಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮವೇ ಆ ಊರಿಗೆ ಇಲ್ಲ. ಡೌನ್‌ಟೌನಿನಲ್ಲಿ ಒಂದು ಗುಂಪು, ದೂರದ ಅಪ್‌ಟೌನಿನಲ್ಲಿ 275 ಮೀಟರಿನ ವಿಲಿಯಮ್ಸ್ ಟವರ್ ಒಂದೇ ತಲೆಯೆತ್ತಿ, ನಡುವೆ ಸಪಾಟು ನೆಲ. ಅಲ್ಲಿರುವ ಕನ್ನಡಿಗರು ಬೇಜಾರು ಮಾಡಿಕೊಳ್ಳಬೇಡಿ, ಊಟಕ್ಕೆ ನಿಮ್ಮೂರಿಗೆ ಪೂರ್ತಿ ಅಂಕ.

ಗೆರೆ ಎಳೆಯುತ್ತಾ ಹೋದಂತೆ ಗೊತ್ತಾದದ್ದು, ಆ ಗೆರೆಯನ್ನು ನಿಜವಾಗಿ ಬರೆದವರು ವಾಸ್ತುಶಿಲ್ಪಿಗಳಿಗಿಂತ ಹೆಚ್ಚಾಗಿ ಊರಿನ ಕಾನೂನಿನವರು. ಲಾಸ್ ಏಂಜಲೀಸಿನ ಗೋಪುರಗಳೆಲ್ಲ ತಲೆ ಕೊಯ್ದಂತೆ ಏಕಿವೆ? 1974ರಿಂದ 2014ರವರೆಗೆ ಎತ್ತರದ ಕಟ್ಟಡದ ಮೇಲೆ ಅಗ್ನಿಶಾಮಕ ಹೆಲಿಕಾಪ್ಟರ್ ಇಳಿಯಲು ಸಪಾಟಾದ ಜಾಗ ಇರಲೇಬೇಕೆಂಬ ನಿಯಮವಿತ್ತು. 2017ರಲ್ಲಿ ತೆರೆದ ವಿಲ್‌ಶೈರ್ ಗ್ರ್ಯಾಂಡ್ ಅದರಿಂದ ವಿನಾಯಿತಿ ಪಡೆದು ಶಿಖರ ಏರಿಸಿತು. ವಾಷಿಂಗ್ಟನ್ನಿನಲ್ಲಿ 1910ರ ಕಾಯ್ದೆ ಕಟ್ಟಡದ ಎತ್ತರವನ್ನು ಮುಂದಿನ ಬೀದಿಯ ಅಗಲಕ್ಕೆ ಕಟ್ಟಿಹಾಕಿದೆ. ಗಗನಚುಂಬಿಯೇ ಇಲ್ಲದ ಆ ರಾಜಧಾನಿಯ ಗೆರೆಯನ್ನು 169 ಮೀಟರಿನ ಒಂದು ಕಲ್ಲಿನ ಸ್ತಂಭ ಮತ್ತು ಒಂದು ಗುಮ್ಮಟವೇ ಆಳುತ್ತವೆ. ಸ್ಪರ್ಧೆಗೇ ಇಳಿಯದ ಊರದು, ಅಂಕ ಕೊಡುವುದಿಲ್ಲ, ಕೊಟ್ಟರೆ ಕಡಿಮೆ ಕೊಡಲು ಮನಸ್ಸಾಗದು.

ಫಿಲಡೆಲ್ಫಿಯಾದಲ್ಲಿ ಲಿಖಿತ ಕಾನೂನೇ ಇರಲಿಲ್ಲ, ಬಾಯಿಮಾತಿನ ಒಪ್ಪಂದ. ಸಿಟಿ ಹಾಲ್ ತುದಿಯಲ್ಲಿ ನಿಂತಿರುವ, ಊರು ಸ್ಥಾಪಿಸಿದ ವಿಲಿಯಂ ಪೆನ್ ಪ್ರತಿಮೆಯ ಟೋಪಿಗಿಂತ, ಅಂದರೆ 167 ಮೀಟರಿಗಿಂತ, ಮೇಲೆ ಯಾರೂ ಹೋಗಬಾರದು. 1987ರಲ್ಲಿ 288 ಮೀಟರಿನ ಒನ್ ಲಿಬರ್ಟಿ ಪ್ಲೇಸ್ ಆ ಮಾತು ಮುರಿಯಿತು. ಆಮೇಲೆ ಊರಿನ ತಂಡಗಳು ಒಂದೂ ದೊಡ್ಡ ಕಪ್ ಗೆಲ್ಲದಾಗ ಪೆನ್ ಶಾಪ ಎಂದರು. 2007ರಲ್ಲಿ ಹೊಸ ಕಾಮ್‌ಕಾಸ್ಟ್ ಸೆಂಟರಿನ ಉಕ್ಕಿನ ತೊಲೆಗೆ ಪೆನ್ನಿನ ಪುಟ್ಟ ಗೊಂಬೆ ಅಂಟಿಸಿದರು, 2008ರಲ್ಲಿ ಬೇಸ್‌ಬಾಲ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತು! ಶಾಂತಿ ಹೋಮ ಮಾಡಿಸುವ ನಮಗೆ ಇದನ್ನು ನೋಡಿ ನಗುವ ಹಕ್ಕಿಲ್ಲ. ಸೌತ್ ಸ್ಟ್ರೀಟ್ ಸೇತುವೆಯಿಂದ ಸಂಜೆ ನೋಡಿದರೆ ಊರು ಅಚ್ಚುಕಟ್ಟಾಗಿ ಒಂದೇ ಗುಡ್ಡವಾಗಿ ಏರಿ ಇಳಿಯುತ್ತದೆ. ನನ್ನ ಐದನೇ ಸ್ಥಾನ ಅದಕ್ಕೆ.

ನಾಲ್ಕು ಸಿಯಾಟಲ್. ಎಲ್ಲರೂ ಕೆರಿ ಪಾರ್ಕಿಗೆ ಹೋಗಿ ಅದೇ ಫೋಟೊ ತೆಗೆಯುತ್ತಾರೆ. 1962ರ ಸ್ಪೇಸ್ ನೀಡಲ್ 184 ಮೀಟರ್, ಹಿಂದಿರುವ ಕೊಲಂಬಿಯಾ ಸೆಂಟರ್ ಅದಕ್ಕಿಂತ 100 ಮೀಟರ್ ಎತ್ತರ. ಆದರೂ ಪಾರ್ಕಿಗೆ ನೀಡಲ್ ಹತ್ತಿರವಾದ್ದರಿಂದ ಅದೇ ದೊಡ್ಡಣ್ಣ. ಹಿಂದೆ 4,392 ಮೀಟರಿನ ರೇನಿಯರ್ ಹಿಮಪರ್ವತ, ಅದೂ ಮೋಡ ದಯೆ ತೋರಿದ ದಿನ ಮಾತ್ರ. ಪೋಸ್ಟ್‌ಕಾರ್ಡುಗಳಲ್ಲಿ ಪರ್ವತ ಊರನ್ನೇ ನುಂಗುವಂತೆ ಕಾಣುವುದು ಜೂಮ್ ಲೆನ್ಸಿನ ಕೃಪೆ, 50ರಲ್ಲಿ ಅದು ತನ್ನ ಪಾಡಿಗೆ ದೂರದಲ್ಲಿ ಕೂತಿರುತ್ತದೆ. ಇನ್ನೊಂದು ದಿಕ್ಕಿನ ಸತ್ಯ ಬೇಕಾದರೆ ಬೈನ್‌ಬ್ರಿಜ್ ದ್ವೀಪದ ದೋಣಿ ಹತ್ತಿ, ಹಿಂಬದಿಯ ಡೆಕ್ಕಿನಲ್ಲಿ ನಿಲ್ಲಿ.

ಮೂರನೇ ಸ್ಥಾನ ಪಿಟ್ಸ್‌ಬರ್ಗ್ ಎಂದಾಗ ಎರಡನೇ ಸುತ್ತಿನ ಜಗಳ. ನಮ್ಮವರಿಗೆ ಆ ಊರು ಎಂದರೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ದರ್ಶನ, ಪುಳಿಯೋಗರೆ, ವಾಪಸ್ಸು. ದಯವಿಟ್ಟು ಇನ್ನೊಂದು ಅರ್ಧ ಗಂಟೆ ಕಾರು ಓಡಿಸಿ ಮೌಂಟ್ ವಾಷಿಂಗ್ಟನ್ ಹತ್ತಿ. 1877ರಿಂದ ಓಡುತ್ತಿರುವ ಡ್ಯೂಕೇನ್ ಇನ್‌ಕ್ಲೈನ್ ಎಂಬ ಕೆಂಪು ಬೋಗಿ ಗುಡ್ಡದ ಬೆನ್ನಿನ ಮೇಲೆ ಹಗ್ಗದಲ್ಲಿ ಎಳೆಸಿಕೊಂಡು ಹೋಗುತ್ತದೆ. ಮೇಲಿನ ಕಟಕಟೆಯಿಂದ ನೋಡಿದರೆ ಎಡಗಡೆ ಅಲಿಗೇನಿ, ಬಲಗಡೆ ಮನಾಂಗಹೀಲಾ, ಎರಡೂ ಕೂಡಿ ಓಹಾಯೊ ನದಿ. ಆ ಸಂಗಮದ ಮೂಲೆಯಲ್ಲಿ ಇಡೀ ಡೌನ್‌ಟೌನ್ ಒತ್ತಾಗಿ ನಿಂತಿದೆ, ಬೆಳೆಯಲು ನೀರು ಬಿಡುವುದಿಲ್ಲ. ಅಲ್ಲಿನ ಅತಿ ಎತ್ತರದ ಯು.ಎಸ್. ಸ್ಟೀಲ್ ಟವರ್ ಬರೀ 256 ಮೀಟರ್, ಮೈಯೆಲ್ಲ ತುಕ್ಕಿನ ಬಣ್ಣ. ಆ ತುಕ್ಕೇ ಒಳಗಿನ ಉಕ್ಕನ್ನು ಕಾಯುತ್ತದೆ. ಬಣ್ಣ ಬಳಿಯದ ಆ ಜಾತಿಯ ಉಕ್ಕನ್ನು ಊರಿನ ಕಂಪನಿ ತನ್ನ ಕಟ್ಟಡದಲ್ಲೇ ಜಾಹೀರಾತು ಮಾಡಿಕೊಂಡಿತು. ವಿಮಾನ ನಿಲ್ದಾಣದ ಕಡೆಯಿಂದ ಬರುವವರಿಗೆ ಫೋರ್ಟ್ ಪಿಟ್ ಸುರಂಗ ಮುಗಿಯುವವರೆಗೆ ಊರಿನ ಸುಳಿವೇ ಇರುವುದಿಲ್ಲ. ಹೊರಬಿದ್ದ ಕೂಡಲೇ ಸೇತುವೆ, ನದಿ, ಗೋಪುರಗಳು ಒಟ್ಟಿಗೆ ಎದುರಿಗೆ. ಮೊದಲ ಸಲ ಬಂದವರು ಲೇನ್ ತಪ್ಪುವುದು ಅಲ್ಲೇ.

ಈಗ ನ್ಯೂಯಾರ್ಕ್. 1915ರ ಈಕ್ವಿಟಬಲ್ ಕಟ್ಟಡ ಅಕ್ಕಪಕ್ಕದ ಬೀದಿಗಳ ಬಿಸಿಲು ತಿಂದದ್ದಕ್ಕೆ ರೊಚ್ಚಿಗೆದ್ದು 1916ರಲ್ಲಿ ನಿಯಮ ತಂದರು: ಮೇಲೆ ಹೋದಂತೆ ಹಿಂದೆ ಸರಿಯಬೇಕು, ನಿವೇಶನದ ಕಾಲುಭಾಗದ ಮೇಲೆ ಮಾತ್ರ ಎಷ್ಟೆತ್ತರವಾದರೂ ಹೋಗಬಹುದು. 1931ರ ಎಂಪೈರ್ ಸ್ಟೇಟಿನ ಮೆಟ್ಟಿಲು ಮೆಟ್ಟಿಲಾದ ಅಂದ ಬಂದದ್ದು ಅಲ್ಲಿಂದ. ಈಗಿನ ಕತೆ ಬೇರೆ. ಪಕ್ಕದ ಸಣ್ಣ ಕಟ್ಟಡಗಳು ಬಳಸದ ಗಾಳಿಯ ಹಕ್ಕನ್ನು, ಅಂದರೆ ಮೇಲಕ್ಕೆ ಇನ್ನೂ ಕಟ್ಟಬಹುದಾದ ಹಕ್ಕನ್ನು, ಕೊಂಡು ಒಂದೇ ಸಣ್ಣ ನಿವೇಶನದ ಮೇಲೆ ಸುರಿಯುತ್ತಾರೆ. 57ನೇ ಬೀದಿಯ ಸ್ಟೈನ್‌ವೇ ಟವರ್ 435 ಮೀಟರ್ ಎತ್ತರ, 18 ಮೀಟರ್ ಅಗಲ. ಎಂಜಿನಿಯರಾಗಿ ಕೈಮುಗಿಯುತ್ತೇನೆ, ಗೆರೆ ಎಳೆಯುವವನಾಗಿ ಗೊಣಗುತ್ತೇನೆ, ಪೆನ್ಸಿಲ್ ಅಲ್ಲಿಗೆ ಬಂದಾಗ ಬರೀ ಕೂದಲೆಳೆ. ಹಡ್ಸನ್ ಯಾರ್ಡ್ಸ್‌ನ ಗಾಜಿನ ಗೋಪುರಗಳು ಎದ್ದಮೇಲೆ ನಮ್ಮ ದಂಡೆಯ ಕೆಲವು ಕಡೆಯಿಂದ ಎಂಪೈರ್ ಸ್ಟೇಟೇ ಮರೆ. ಮುಖ್ಯ ತೊಂದರೆ ಇದು: ಡೌನ್‌ಟೌನಿನದು ಒಂದು ಗುಂಪು, ಮಿಡ್‌ಟೌನಿನದು ಇನ್ನೊಂದು, ನಡುವೆ ತಗ್ಗು. ನಮ್ಮ ನ್ಯೂಜೆರ್ಸಿ ದಂಡೆಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ಒಂದು ಕಾಣುತ್ತದೆ, ಅದೇ ದಂಡೆಯ ವೀಹಾಕನ್ನಿನಿಂದ ಇನ್ನೊಂದು. ಎರಡೂ ತಮ್ಮ ಪೂರ್ತಿ ಗಾತ್ರದಲ್ಲಿ ಒಂದೇ ಚೌಕಟ್ಟಿಗೆ ಬರುವ ನೆಲ ನನಗೆ ಸಿಕ್ಕಿಲ್ಲ.

50 ಎಂಎಂ ಲೆನ್ಸ್ ಅಡ್ಡಕ್ಕೆ ನೋಡುವುದು ಸುಮಾರು 40 ಡಿಗ್ರಿ. ನನ್ನ ಮೊದಲ ಸ್ಥಾನದ ಷಿಕಾಗೊದಲ್ಲಿ, ಆಡ್ಲರ್ ತಾರಾಲಯದ ದಂಡೆಯಲ್ಲಿ ಟ್ರೈಪಾಡ್ ಹೂಡಿ, ಎಡ ಅಂಚಿಗೆ ವಿಲ್ಲಿಸ್ ಇಟ್ಟರೆ ಬಲ ಅಂಚಿಗೆ ಹ್ಯಾನ್‌ಕಾಕ್ ಗೋಪುರ ಸರಿಯಾಗಿ ಬಂದು ಮುಟ್ಟುತ್ತದೆ. ಎರಡಕ್ಕೂ ಜೋಡಿ ಆಂಟೆನಾ, ಎರಡರ ರಚನೆಯ ಹಿಂದೆಯೂ ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್. ವಿಲ್ಲಿಸ್ ಎಂದರೆ ಒಂಬತ್ತು ಚೌಕ ಕೊಳವೆಗಳ ಕಟ್ಟು. ಎರಡು 50ನೇ ಮಹಡಿಗೆ, ಎರಡು 66ಕ್ಕೆ, ಮೂರು 90ಕ್ಕೆ ನಿಂತು, ಕೊನೆಯ ಎರಡು ಮಾತ್ರ 110ಕ್ಕೆ ಏರುತ್ತವೆ. ಕಪ್ಪು ಹಾಳೆಯಲ್ಲೂ ಆ ಹೆಗಲುಗಳು ಕಾಣುತ್ತವೆ. ಬೆರಳಲ್ಲಿ ವಿಲ್ಲಿಸ್ ಮುಚ್ಚಿ, ಹ್ಯಾನ್‌ಕಾಕ್ ಇದೆ. ಅದನ್ನೂ ಮುಚ್ಚಿದರೆ ನಡುವೆ ಏಯಾನ್ ಸೆಂಟರಿನ ಬಿಳಿ ಕಂಬ, 2020ರ ಸೇಂಟ್ ರೀಜಿಸ್.

ಎದುರಿಗೆ ನೀರು, ಹಸಿರು, ಒಂದೂ ಅಡ್ಡಗೋಡೆಯಿಲ್ಲ. ಇದು ತಾನಾಗಿ ಉಳಿದದ್ದಲ್ಲ. ಈ ದಂಡೆ ಎಂದೆಂದಿಗೂ ತೆರೆದೇ ಇರಬೇಕೆಂದು 1836ರ ನಕ್ಷೆಯಲ್ಲಿ ಬರೆದಿತ್ತು. ಆ ಬರಹವನ್ನು ಹಿಡಿದು ವ್ಯಾಪಾರಿ ಮಾಂಟ್‌ಗೊಮರಿ ವಾರ್ಡ್ 1890ರಿಂದ 1911ರವರೆಗೆ ಕೋರ್ಟಿನಲ್ಲಿ ಕಾದಾಡಿದ. ಊರಿನವರಿಗೆ ಆಗ ಆತ ದೊಡ್ಡ ತಲೆನೋವು. ಮೊದಲ ಸ್ಥಾನದ ಅರ್ಧ ಅಂಕ ನಾನು ಅವನಿಗೇ ಕೊಟ್ಟಿದ್ದೇನೆ.

ಡೆಟ್ರಾಯಿಟ್ ಕಾಲಂ ಮಾತ್ರ ಖಾಲಿ. ಅದರ ಅತ್ಯುತ್ತಮ ನೋಟ ಸಿಗುವುದು ನದಿಯ ಆಚೆಯ ವಿಂಡ್ಸರಿನಿಂದ. ಅದು ಕೆನಡಾ. ಎಚ್1ಬಿಯಲ್ಲಿರುವ ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಏನೆಂದು ಕೇಳುತ್ತಾರೆ. ಪಕ್ಕದ ದೇಶದಿಂದ ಅಮೆರಿಕದ ಊರು ನೋಡಲು ಎಂದು ಬರೆಯಬೇಡ, ಎನ್ನುತ್ತಾಳೆ ಹೆಂಡತಿ.