ನನ್ನ ಎಂಜಿಬಿ, ಅದರ ಓವರ್‌ಡ್ರೈವ್, ಒಂದು ಡ್ರಿಲ್ ಬಿಟ್

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ನನ್ನ 1965ರ ಎಂಜಿಬಿ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್ ಹಿಂದೆ ಕೂತಿರುವ ಲೇಕಾಕ್ ಕಂಪನಿಯ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಸುತ್ತು ಕಡಿಮೆ ಮಾಡುವ ಹೆಚ್ಚುವರಿ ಗೇರ್) ಹುಟ್ಟಿದ್ದೂ ಇದೇ ಊರಲ್ಲಿ. ಕಾರು ತಗೊಂಡ ಹೊಸದರಲ್ಲಿ ಅದು ಮೋಟಾರ್‌ವೇಗೆ ಮಾತ್ರ ಅಂದುಕೊಂಡಿದ್ದೆ. ನಾಲ್ಕನೇ ಗೇರಿನಲ್ಲಿ ಗಂಟೆಗೆ 70 ಮೈಲಿ ಹೋದರೆ ಎಂಜಿನ್ ನಿಮಿಷಕ್ಕೆ 3,900 ಸುತ್ತಿನಲ್ಲಿ ಅರಚುತ್ತೆ. ಡ್ಯಾಶ್‌ಬೋರ್ಡಿನ ಸ್ವಿಚ್ ಹಾಕಿದರೆ 3,100ಕ್ಕೆ ಇಳಿದು, ಪಕ್ಕದವರ ಮಾತು ಕೇಳಿಸುತ್ತೆ.

ನಿಜವಾದ ಮಜಾ ಗೊತ್ತಾಗಿದ್ದು ಸ್ನೇಕ್ ಪಾಸ್ ಘಾಟಿಯಲ್ಲಿ. ನನ್ನ ಓವರ್‌ಡ್ರೈವ್ ಡಿ-ಟೈಪ್ ಅನ್ನೋ ಮಾದರಿ, ಮೂರನೇ ಗೇರಿನಲ್ಲೂ ಕೆಲಸ ಮಾಡುತ್ತೆ. ಮೂರರ ಗೇರ್ ಅನುಪಾತ 1.37, ನಾಲ್ಕರದು 1, ಓವರ್‌ಡ್ರೈವಿನದು 0.80. ಮೂರರದನ್ನು ಓವರ್‌ಡ್ರೈವಿನದರಿಂದ ಗುಣಿಸಿದರೆ 1.10, ಮೂರಕ್ಕೂ ನಾಲ್ಕಕ್ಕೂ ನಡುವೆ ಪುಕ್ಕಟೆಯಾಗಿ ಇನ್ನೊಂದು ಗೇರ್! ತಿರುವಿಗೆ ಮುಂಚೆ ಆಫ್, ರಸ್ತೆ ನೇರವಾದ ಮೇಲೆ ಆನ್. ಕ್ಲಚ್ ತುಳಿಯುವ ಗೋಜಿಲ್ಲ. ಆಫ್ ಮಾಡುವಾಗ ಆಕ್ಸಿಲರೇಟರ್ ಮೇಲೆ ಕಾಲು ತುಸು ಇರಲಿ, ಇಲ್ಲದಿದ್ದರೆ ಕಾರು ಜಗ್ಗುತ್ತೆ.

ಒಂದು ದಿನ ಸ್ವಿಚ್ ಹಾಕಿದರೂ ಏನೂ ಆಗಲಿಲ್ಲ. ಓವರ್‌ಡ್ರೈವಿನ ಲಿವರ್ ಎಳೆಯುವ ವಿದ್ಯುತ್ಕಾಂತ, ಅಂದರೆ ಸೊಲೆನಾಯ್ಡ್, ಸುಟ್ಟಿತ್ತು. ಗ್ಯಾರೇಜಿನವರು ಹೊಸದು ಹಾಕಿಕೊಟ್ಟರು; ಅದೂ ಬೇಗನೆ ಹೋಯಿತು. ಆಮೇಲೆ ನಾನೇ ಕಾರಿನಡಿ ಮಲಗಿದೆ. ಸೊಲೆನಾಯ್ಡ್ ಒಳಗೆ ಎರಡು ಸುರುಳಿ: ಒಂದು ಜೋರಾಗಿ ಎಳೆಯುವುದಕ್ಕೆ, ಇನ್ನೊಂದು ಸಣ್ಣ ಕರೆಂಟಿನಲ್ಲಿ ಹಿಡಿದಿಡುವುದಕ್ಕೆ. ಸುರುಳಿ ಎಳೆಯುವ ಕಡ್ಡಿ, ಅಂದರೆ ಪ್ಲಂಜರ್, ಪೂರ್ತಿ ಒಳಗೆ ಹೋದಮೇಲೆ ಎಳೆಯುವ ಸುರುಳಿಯ ಕರೆಂಟ್ ತಾನಾಗಿ ಕಟ್ ಆಗಬೇಕು. ಲಿವರ್ ಸೆಟ್ಟಿಂಗ್ ತಪ್ಪಿದ್ದರಿಂದ ಅದು ಪೂರ್ತಿ ಹೋಗುತ್ತಲೇ ಇರಲಿಲ್ಲ, ಸುರುಳಿ ಕಾಯುತ್ತಲೇ ಇತ್ತು. ಹೊಸದು ಹಾಕಿದವರು ಲಿವರ್ ಮುಟ್ಟೇ ಇರಲಿಲ್ಲ.

ಮೂರನೆಯದನ್ನು ಹಾಕಿ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಎಂಜಿನ್ ಆಫ್, ಇಗ್ನಿಷನ್ ಆನ್, ಗೇರ್ ನಾಲ್ಕರಲ್ಲಿ. ಹೆಂಡತಿ ಒಳಗೆ ಕೂತು "ರೀ, ಹಾಕ್ಲಾ?" ಅಂದಳು. ಟಕ್! ಸೊಲೆನಾಯ್ಡ್ ಎಳೆದು ನಿಂತಾಗ ಲಿವರಿನ ತೂತು ಕೇಸಿಂಗಿನ ತೂತಿಗೆ ಸರಿಯಾಗಿ ಕೂರಬೇಕು. 3/16 ಇಂಚಿನ ಡ್ರಿಲ್ ಬಿಟ್ ಹಿಂಬದಿಯನ್ನು ತೂರಿಸಿ ನೋಡಿದೆ, ಕೂದಲೆಳೆಯಷ್ಟರಲ್ಲಿ ತಡೆಯುತ್ತಿತ್ತು. ನಟ್ ತಿರುಗಿಸಿ, ಮತ್ತೆ ಟಕ್, ಮತ್ತೆ ನಟ್. ನಾಲ್ಕನೇ ಸಲಕ್ಕೆ ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಷ್ಟರಲ್ಲಿ ಹಣೆ ಮೇಲೆ ಎರಡು ಹನಿ ಎಣ್ಣೆಯೂ ಬಿದ್ದಿತ್ತು. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಎಣ್ಣೆ, ನಾನು ಹಾಕುವುದು 20ಡಬ್ಲ್ಯೂ-50. ಮಟ್ಟ ಇಳಿದರೆ ಒತ್ತಡ ಹುಟ್ಟುವುದಿಲ್ಲ, ಟಕ್ ಅಂದರೂ ಓವರ್‌ಡ್ರೈವ್ ಹಿಡಿಯುವುದಿಲ್ಲ.

ಓವರ್‌ಡ್ರೈವ್ ಹಿಡಿದಿರುವಾಗ ರಿವರ್ಸ್ ಹೋದರೆ ಒಳಗಿನ ಒನ್-ವೇ ಕ್ಲಚ್ ಮುರಿಯುತ್ತೆ. ತಪ್ಪಿಸಲು ಗೇರ್‌ಬಾಕ್ಸ್ ಮೇಲೆ ಇನ್ಹಿಬಿಟರ್ ಸ್ವಿಚ್ ಇದೆ; ಮೂರು, ನಾಲ್ಕು ಬಿಟ್ಟು ಬೇರೆ ಗೇರಿನಲ್ಲಿ ಸೊಲೆನಾಯ್ಡಿಗೆ ಕರೆಂಟ್ ಹೋಗದಂತೆ ತಡೆಯುತ್ತೆ. ಆದರೆ ಆ ಸ್ವಿಚ್ಚೇ ಅಂಟಿಕೊಂಡರೆ? ಹಾಗಾಗಿ ಮನೆ ಮುಂದೆ ಕಾರು ಹಿಂದಕ್ಕೆ ತಗೊಳ್ಳುವ ಮುಂಚೆ, ಒಂದನೇ ಗೇರಿನಲ್ಲಿ ಬಂದಿದ್ದರೂ, ಕೈ ಒಮ್ಮೆ ಡ್ಯಾಶ್‌ಬೋರ್ಡಿನ ಸ್ವಿಚ್ ಆಫ್ ಇದೆಯಾ ಅಂತ ಮುಟ್ಟಿ ಬರುತ್ತೆ.